ಇಶ್ ಚೆಲ್ ಅಜ್ಜಿಯ ವಯಸ್ಸು ಕಮ್ಮಿ ಮಾಡಿದ್ದು ಯಾರು?

ಅಂತರ್ಜಾಲದಲ್ಲಿ ಸ್ವಲ್ಪ ತಡಕಾಡಿದರೆ ಸಾಕು, ಈ ಥರದ ಪ್ರವಾಸಗಳ ಜಾಹೀರಾತು ಸಾಲುಸಾಲಾಗಿ ಸಿಗುತ್ತವೆ. ಮೆಕ್ಸಿಕೋದ ಯುಕತಾನಿಗೋ ಗ್ವಾಟೆಮಾಲಾಕ್ಕೋ ಒಂದು ವಾರ, ಹತ್ತು ದಿನ. ಹೆಸರು 'ದೈವೀ ಸ್ತ್ರೀಶಕ್ತಿಯ ತೀರ್ಥಯಾತ್ರೆ'. ಬೆಳಿಗ್ಗೆ ಪಿರಮಿಡ್ಡು ನೋಡೋದು, ಮಧ್ಯಾಹ್ನ ಸೆನೋಟೆ ಅನ್ನೋ ಸುಣ್ಣಕಲ್ಲಿನ ಹೊಂಡದಲ್ಲಿ ಮುಳುಗು ಹಾಕಿ ಶುದ್ಧರಾಗೋದು, ರಾತ್ರಿ ಬೆಂಕಿ ಸುತ್ತ ಕೂತು ಕೊಕೊ ಕುಡಿಯೋದು. ನಡುನಡುವೆ ಯೋಗ, ಚಕ್ರ, ಕುಂಡಲಿನಿ, ಶಕ್ತಿ ಅಂತ ನಮ್ಮ ಕಡೆಯ ಮಾತುಗಳೂ ಧಾರಾಳ. ಎಲ್ಲದರ ಮೇಲೆ ಒಬ್ಬಳು ದೇವಿಯ ಚಿತ್ರ. ಹೆಸರು ಇಶ್ ಚೆಲ್. ತೆಳ್ಳಗಿನ ಹುಡುಗಿ, ಉದ್ದ ಕೂದಲು, ಕೈಯಲ್ಲೊಂದು ಮೊಲ, ಹಿಂದೆ ಪೂರ್ಣಚಂದ್ರ.

ಇದರ ಬಗ್ಗೆ ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಕೇಳಬಹುದು. ಅಮೆರಿಕದಲ್ಲಿರೋ ನಮ್ಮವರಿಗೆ ಕ್ಯಾಂಕುನ್ ಅಂದ್ರೆ ಬೆಂಗಳೂರಿನವರಿಗೆ ಗೋವಾ ಇದ್ದ ಹಾಗೆ. ಲಾಂಗ್ ವೀಕೆಂಡ್ ಬಂದ್ರೆ ಹೊರಟರು. ಅಲ್ಲಿಂದ ಚಿಚೆನ್ ಇಟ್ಜಾ, ತುಲುಮ್ ನೋಡಿ, ಪಿರಮಿಡ್ಡಿನ ಮುಂದೆ ನಿಂತ ಫೋಟೋ ಹಾಕದವರು ಕಮ್ಮಿ. ಅದೂ ಅಲ್ಲದೆ ಆ ಜಾಹೀರಾತುಗಳಲ್ಲಿ ಅರ್ಧ ಸರಕು ನಮ್ಮ ಮನೆಯಿಂದಲೇ ಹೋಗಿದ್ದು. ಹಾಗಾಗಿ ಒಂದು ಮಾತು ಹೇಳೋ ಹಕ್ಕು ನಮಗೂ ಇದೆ ಅನ್ನಿಸುತ್ತೆ.

ನನ್ನ ಮಾತು ಇಷ್ಟೇ. ಯಾತ್ರೆ ಹೋಗೋದು ತಪ್ಪಲ್ಲ. ಆದರೆ ಈ ಯಾತ್ರೆಗಳು ಒಬ್ಬಳು ಮುದುಕಿಯನ್ನು ಹುಡುಗಿ ಮಾಡಿ, ಅವಳ ಉಗುರು ಕತ್ತರಿಸಿ, ಅವಳ ಮೊಮ್ಮಕ್ಕಳನ್ನು ಗೇಟಿನ ಹೊರಗೆ ನಿಲ್ಲಿಸಿ, ಅವಳ ಹೆಸರಲ್ಲಿ ಟಿಕೆಟ್ಟು ಹರೀತಾ ಇವೆ. ತಕರಾರು ಅದರ ಮೇಲೆ.

ಮೊದಲು ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಳ್ಳೋಣ. ಇಶ್ ಚೆಲ್ ಯಾತ್ರೆ ಅನ್ನೋದು ಇವತ್ತಿನ ಟೂರ್ ಕಂಪನಿಗಳು ಹುಟ್ಟಿಸಿದ ಕತೆಯಲ್ಲ. ಯುಕತಾನಿನ ಪೂರ್ವ ಕರಾವಳಿಯ ಎದುರಿಗೆ ಕೊಜುಮೆಲ್ ಅನ್ನೋ ದ್ವೀಪ ಇದೆ. ಸ್ಪೇನಿನವರು ಬರೋ ಕಾಲಕ್ಕೆ ಅದು ದೊಡ್ಡ ಯಾತ್ರಾಸ್ಥಳ. ದೂರದ ತಬಾಸ್ಕೋ ಕಡೆಯಿಂದಲೂ ಜನ ಬರ್ತಿದ್ದರು. ಈಗ ಶ್ಕಾರೆತ್ ಅಂತ ಕರೆಯೋ ಜಾಗಕ್ಕೆ ಆಗ ಪೋಲೆ ಅಂತ ಹೆಸರು. ಅಲ್ಲಿಂದ ದೋಣಿ ಹತ್ತಿ, ಸುಮಾರು 20 ಕಿಲೋಮೀಟರ್ ಸಮುದ್ರ ದಾಟಬೇಕು. ಆ ಕಾಲುವೆಯ ಸೆಳೆತ ಜೋರು, ಹುಡುಗಾಟದ ಮಾತಲ್ಲ. ದ್ವೀಪದಲ್ಲಿ ಸುಟ್ಟ ಮಣ್ಣಿನ ಒಂದು ಟೊಳ್ಳು ಮೂರ್ತಿ ಇತ್ತಂತೆ, ಅದರೊಳಗೆ ಪೂಜಾರಿ ಸೇರಿಕೊಂಡು ಕೇಳಿದ ಪ್ರಶ್ನೆಗೆ ಉತ್ತರ ಕೊಡ್ತಿದ್ದನಂತೆ. ಹಾಗಂತ ಸ್ಪ್ಯಾನಿಷ್ ದಾಖಲೆಗಳು ಹೇಳುತ್ತವೆ. ಯುಕತಾನಿನ ಬಗ್ಗೆ 1566ರ ಸುಮಾರಿಗೆ ಬರೆದ ಪಾದ್ರಿ ದಿಯೇಗೋ ದೆ ಲಾಂಡಾ, ನಮ್ಮವರಿಗೆ ರೋಮ್ ಜೆರುಸಲೇಮ್ ಹೇಗೋ ಇವರಿಗೆ ಕೊಜುಮೆಲ್ ಮತ್ತು ಚಿಚೆನ್ ಇಟ್ಜಾದ ಬಾವಿ ಹಾಗೆ ಅನ್ನೋ ಅರ್ಥದಲ್ಲಿ ಬರೆದಿದ್ದಾನೆ.

ಪಕ್ಕದ ಇನ್ನೊಂದು ದ್ವೀಪಕ್ಕೆ 1517ರಲ್ಲಿ ಹೆರ್ನಾಂಡೆಸ್ ದೆ ಕೊರ್ದೋಬಾ ಬಂದಾಗ ಕಂಡದ್ದು ಬರೀ ದೇವಿಯರ ಮೂರ್ತಿಗಳು. ಅದಕ್ಕೇ ಅದರ ಹೆಸರು ಇಸ್ಲಾ ಮುಹೇರೆಸ್, ಹೆಂಗಸರ ದ್ವೀಪ. ಎರಡು ವರ್ಷ ಬಿಟ್ಟು 1519ರಲ್ಲಿ ಕೊರ್ತೆಸ್ ಕೊಜುಮೆಲ್‌ಗೆ ಬಂದ. ಮೂರ್ತಿಗಳನ್ನು ಒಡೆಸಿದ, ಆ ಜಾಗದಲ್ಲಿ ಮೇರಿಯಮ್ಮನನ್ನು ಕೂರಿಸಿದ, ಮುಂದಕ್ಕೆ ಹೋದ. ಅಂದರೆ ಈ ದೇವಿಯ ಮೇಲೆ ಬೇರೆ ದೇವಿಯನ್ನು ತಂದು ಕೂರಿಸೋ ಕೆಲಸ ಇವತ್ತು ನಿನ್ನೆಯದಲ್ಲ.

ಸರಿ, ಈ ಇಶ್ ಚೆಲ್ ಯಾರು?

'ಇಶ್' ಅನ್ನೋದು ಹೆಣ್ಣನ್ನು ಸೂಚಿಸೋ ಮುನ್ನುಡಿ, 'ಚೆಲ್' ಅಂದ್ರೆ ಕಾಮನಬಿಲ್ಲು. ಲಾಂಡಾ ಹೇಳೋ ಪ್ರಕಾರ ಆಕೆ ಹೆರಿಗೆಯ ದೇವಿ, ಔಷಧದ ದೇವಿ. ಹೆರೋ ಹೆಂಗಸಿನ ಹಾಸಿಗೆ ಕೆಳಗೆ ಸೂಲಗಿತ್ತಿಯರು ಅವಳ ಮೂರ್ತಿ ಇಡುತ್ತಿದ್ದರು. ವರ್ಷಕ್ಕೊಂದು ಸಲ ವೈದ್ಯರು ಹೆಂಡಿರ ಜೊತೆ ಸೇರಿ, ಔಷಧದ ಗಂಟುಗಳನ್ನು ಬಿಚ್ಚಿಟ್ಟು ಅವಳ ಹಬ್ಬ ಮಾಡ್ತಿದ್ದರು. ಇಷ್ಟು ಬರೆದಿಟ್ಟ ಪುಣ್ಯಾತ್ಮನೇ 1562ರಲ್ಲಿ ಮನೀ ಅನ್ನೋ ಊರಲ್ಲಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟವನು! ಮನೆಗೆ ಬೆಂಕಿ ಇಟ್ಟವನ ಬಾಯಿಂದಲೇ ಆ ಮನೆಯಲ್ಲಿ ಏನೇನಿತ್ತು ಅಂತ ಕೇಳಿಕೊಳ್ಳೋ ಸ್ಥಿತಿ ನಮ್ಮದು.

ಅಳಿದುಳಿದ ಮಾಯಾ ಪುಸ್ತಕಗಳು ಇವತ್ತು ನಾಲ್ಕೇ ನಾಲ್ಕು. ಅದರಲ್ಲಿ ಒಂದು ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ. ಅದರ 74ನೇ ಪುಟದಲ್ಲಿ ಒಬ್ಬಳು ಮುದುಕಿ ಇದ್ದಾಳೆ. ಕೈಕಾಲಿಗೆ ಜಾಗ್ವಾರ್ ಚಿರತೆಯ ಪಂಜ, ತಲೆಗೆ ಹಾವು ಸುತ್ತಿದೆ, ಲಂಗದ ಮೇಲೆ ಅಡ್ಡಡ್ಡ ಮೂಳೆಗಳು. ಕೈಯಲ್ಲಿರೋ ಗಡಿಗೆಯನ್ನು ಬೋರಲು ಹಾಕಿ ನೀರು ಸುರೀತಿದ್ದಾಳೆ. ಮೇಲಿಂದ ಆಕಾಶದ ಮೊಸಳೆಯೂ ನೀರು ಕಾರುತ್ತಿದೆ. ಲೋಕ ಮುಳುಗಿಸೋ ಮಳೆ ಅದು. ಆಕೆಯ ಹೆಸರು ಚಾಕ್ ಚೆಲ್, ಕೆಂಪು ಕಾಮನಬಿಲ್ಲು. ಇಶ್ ಚೆಲ್ ಅಂದ್ರೆ ಈ ಮುದುಕಿಯೇ ಅಂತ ಕಾರ್ಲ್ ಟಾಬೆ ಎಂಬ ವಿದ್ವಾಂಸ 1992ರ ತನ್ನ ಪುಸ್ತಕದಲ್ಲಿ ವಿವರವಾಗಿ ವಾದಿಸಿದ. ಮೊಲ ಹಿಡಿದ ಹುಡುಗಿ, ಅಂದರೆ ಚಂದ್ರದೇವಿ, ಬೇರೆಯವಳು. ಇಬ್ಬರನ್ನೂ ಸೇರಿಸಿ ಒಂದು ಮಾಡಿದ್ದರಲ್ಲಿ ಎರಿಕ್ ಥಾಮ್ಸನ್ ಅನ್ನೋ ದೊಡ್ಡ ವಿದ್ವಾಂಸನ ಪಾಲು ದೊಡ್ಡದು. ಪ್ರವಾಸೋದ್ಯಮ ಅದನ್ನೇ ಹಿಡಿದುಕೊಂಡು ಬೆಳೆಸಿತು. ಈ ಇಶ್ ಚೆಲ್ ಹೇಗೆ ಇವತ್ತಿನ ಜನಪ್ರಿಯ ದೇವಿಯಾದಳು ಅನ್ನೋದರ ಬಗ್ಗೆ ಟ್ರೇಸಿ ಆರ್ಡ್ರೆನ್ ಎಂಬ ಪುರಾತತ್ವಜ್ಞೆ 2006ರಲ್ಲಿ ಒಂದು ಲೇಖನವನ್ನೇ ಬರೆದಿದ್ದಾರೆ.

ಮುದುಕಿಯಾದ್ರೇನು, ಹುಡುಗಿಯಾದ್ರೇನು, ದೇವಿ ದೇವಿಯೇ ತಾನೇ ಅಂತೀರಾ? ಇಲ್ಲೇ ಇರೋದು ವಿಷಯ.

ಹಳೆಯ ಮಾಯಾ ಹೂಜಿಯೊಂದರ ಮೇಲೆ ಹೆರಿಗೆಯ ಚಿತ್ರವಿದೆ. ಮೇಲಿಂದ ಇಳಿಬಿಟ್ಟ ಹಗ್ಗ ಹಿಡಿದು ನಿಂತು ನೋವು ತಿನ್ನುತ್ತಿರೋ ಎಳೆ ಹೆಂಗಸು. ಹಿಂದಿನಿಂದ ಅವಳ ಸೊಂಟ ತಬ್ಬಿ ಹಿಡಿದಿರೋ ಮುದುಕಿ. ನೋಡಿದರೆ ಗೊತ್ತಾಗುತ್ತೆ, ಆ ಕೈ ಎಷ್ಟು ಹೆರಿಗೆ ಕಂಡಿದೆ ಅಂತ. ಹೆರಿಗೆ ಅಂದ್ರೆ ಸಾವಿನ ಬಾಗಿಲಿಗೆ ಹೋಗಿ ಬರೋದು ಅಂತಿದ್ದ ಕಾಲದಲ್ಲಿ, ಬಾಗಿಲಲ್ಲಿ ಕೂತಿರೋ ದೇವಿಗೆ ಪಂಜ ಇರಲೇಬೇಕು. ಜೀವ ಹೊರಗೆ ಎಳೆಯೋದೂ ಅವಳೇ, ಗಡಿಗೆ ಬೋರಲು ಹಾಕೋದೂ ಅವಳೇ. ಸಮುದ್ರ ದಾಟಿ ಹೋಗುತ್ತಿದ್ದ ಹೆಂಗಸರು ಇಂಥವಳ ಹತ್ತಿರ ಹೋಗ್ತಿದ್ದರು. ಮನಸ್ಸು ಹಗುರ ಮಾಡಿಕೊಳ್ಳೋಕಲ್ಲ, ಮಗು ಬದುಕಲಿ ಅಂತ, ತಾನು ಬದುಕಲಿ ಅಂತ.

ಜಾಹೀರಾತಿನ ದೇವಿಗೆ ಸುಕ್ಕಿಲ್ಲ, ಪಂಜವಿಲ್ಲ. ಅವಳು ಯಾರನ್ನೂ ಏನೂ ಕೇಳೋಲ್ಲ. ಬರೀ 'ನಿನ್ನೊಳಗಿನ ದೇವಿಯನ್ನು ಕಂಡುಕೋ' ಅಂತಾಳೆ. ಹೆಣ್ಣಿನ ಶಕ್ತಿಯ ಹೆಸರಲ್ಲಿ ಮಾಡೋ ಯಾತ್ರೆಯಲ್ಲೂ ಮುಪ್ಪಾದ ಹೆಂಗಸಿಗೆ ಜಾಗವಿಲ್ಲ ಅಂದ್ರೆ ಹೇಗೆ? ಮುಖದ ಕ್ರೀಮಿನ ಜಾಹೀರಾತಿಗೂ ಇದಕ್ಕೂ ಏನು ವ್ಯತ್ಯಾಸ ಉಳೀತು?

ದೇವಿಯ ಕತೆ ಹಾಗಿರಲಿ. ನಿಜವಾಗಿ ಬದುಕಿದ್ದ ಹೆಂಗಸರ ಕತೆ ನೋಡೋಣ. ಗ್ವಾಟೆಮಾಲಾದ ತಿಕಾಲ್ ಕೇಳಿರ್ತೀರಿ. ಅಲ್ಲಿನ ದೊಡ್ಡ ಚೌಕದಲ್ಲಿ ಎದುರುಬದುರಾಗಿ ನಿಂತ ಎರಡು ಗುಡಿಗಳಲ್ಲಿ ಎರಡನೆಯದು, ಸುಮಾರು 38 ಮೀಟರ್ ಎತ್ತರದ್ದು, ದೊರೆ ಹಸಾವ್ ಚಾನ್ ಕವೀಲ್‌ನ ರಾಣಿಯ ನೆನಪಿನದು ಅಂತ ತಿಳಿದವರು ಹೇಳ್ತಾರೆ. ಅದರ ಮರದ ತೊಲೆಯ ಮೇಲೆ ಹೆಂಗಸಿನ ಆಕೃತಿ ಕೆತ್ತಿದ್ದರು. 2012ರ ಡಿಸೆಂಬರ್ 21ಕ್ಕೆ ಲೋಕ ಮುಗಿಯುತ್ತೆ, ಹೊಸ ಯುಗ ಶುರುವಾಗುತ್ತೆ ಅಂತ ಗದ್ದಲ ಎದ್ದಿತ್ತಲ್ಲ, ಆವತ್ತು ಅಲ್ಲಿ ಸಾವಿರಾರು ಜನ ಸೇರಿದ್ದರು. ಹತ್ತಬಾರದು ಅಂದ್ರೂ ಕೇಳದೆ ಮೆಟ್ಟಿಲು ಹತ್ತಿ ಹಾಳು ಮಾಡಿದ್ದು ಯಾವ ಗುಡಿಯನ್ನು ಗೊತ್ತಾ? ಇದನ್ನೇ. ಹೊಸ ಯುಗ ನೋಡೋಕೆ ಬಂದವರ ಬೂಟಿಗೆ ಸಿಕ್ಕಿದ್ದು ಒಬ್ಬ ರಾಣಿಯ ಮೆಟ್ಟಿಲು.

ಇನ್ನೊಬ್ಬಳು ವಾಕ್ ಚಾನಿಲ್ ಅಹಾವ್. ಕ್ರಿ.ಶ. 682ರಲ್ಲಿ ದೋಸ್ ಪಿಲಾಸ್ ಎಂಬ ಊರಿಂದ ನರಾಂಹೋಗೆ ಬಂದು, ಐದು ವರ್ಷದ ಹುಡುಗನನ್ನು 693ರಲ್ಲಿ ಪಟ್ಟಕ್ಕೆ ಕೂರಿಸಿ, ಅವನ ಹೆಸರಲ್ಲಿ ಆಳಿದವಳು. ಅಲ್ಲಿನ ಕಂಬಕಲ್ಲಿನಲ್ಲಿ ಆಕೆ ಸೆರೆಯಾಳನ್ನು ತುಳಿದು ನಿಂತಿದ್ದಾಳೆ. ಯಾಶ್ಚಿಲಾನ್‌ನ ರಾಣಿ ಶೋಕ್ ಅಂತೂ ಮುಳ್ಳು ಪೋಣಿಸಿದ ಹಗ್ಗವನ್ನು ತನ್ನ ನಾಲಿಗೆಯಲ್ಲಿ ತೂರಿಸಿ ಎಳೆಯುತ್ತಿದ್ದಾಳೆ. 709ನೇ ಇಸವಿಯ ಆ ವ್ರತದ ಕೆತ್ತನೆ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇವರು ಮೃದು ಮನಸ್ಸಿನ ಮಾತೆಯರಲ್ಲ. ರಕ್ತ, ರಾಜ್ಯ, ವಂಶ, ದೇವರು ಎಲ್ಲ ಕಲಸಿಹೋದ ಲೋಕ ಅದು. ಒಪ್ಪಬೇಕು ಅಂತೇನಿಲ್ಲ. ಆದರೆ ಇದನ್ನೆಲ್ಲ ತೊಳೆದು 'ಪ್ರಾಚೀನ ಶಾಂತಿಪ್ರಿಯ ಮಾತೃಸಂಸ್ಕೃತಿ' ಅಂತ ಬಡಿಸೋದು ಆ ಹೆಂಗಸರಿಗೆ ಮಾಡೋ ಅವಮಾನ.

ತುಲುಮ್ ಕತೆ ಇನ್ನೂ ವಿಚಿತ್ರ. ಸಮುದ್ರದ ದಂಡೆಯ ಬಂಡೆ ಮೇಲೆ ಕೂತ ಈ ಊರು ಈಗ ಇಂಥ ಯಾತ್ರೆಗಳ ರಾಜಧಾನಿ. ಹೆಜ್ಜೆಗೊಂದು ಯೋಗ ಶಾಲೆ, ಧ್ಯಾನದ ಹೋಟೆಲು. ಇದೇ ಸೀಮೆಯಲ್ಲಿ 1847ರಲ್ಲಿ ಮಾಯಾ ಜನ ಜಮೀನುದಾರರ ಮೇಲೆ ದಂಗೆ ಎದ್ದಿದ್ದರು. 1901ರ ತನಕ ಆ ಯುದ್ಧ ನಡೀತು. ಅವರ ನಂಬಿಕೆಯ ಕೇಂದ್ರ 'ಮಾತಾಡುವ ಶಿಲುಬೆ'. ಆ ಶಿಲುಬೆಗೆ ಹೆಂಗಸರು ಉಡೋ ಕಸೂತಿಯ ಅಂಗಿ ತೊಡಿಸ್ತಿದ್ದರು. 1870ರ ಆಸುಪಾಸಿನಲ್ಲಿ ತುಲುಮ್‌ನಲ್ಲಿ ಆ ಶಿಲುಬೆಯ ಪರವಾಗಿ ಮಾತಾಡುತ್ತಿದ್ದವಳು, ಜನ ನಡೆಸುತ್ತಿದ್ದವಳು ಮರೀಯಾ ಊಯ್ಕಾಬ್ ಎಂಬ ಮಾಯಾ ಹೆಂಗಸು. ತುಲುಮ್‌ನ ರಾಣಿ ಅಂತಲೇ ಅವಳಿಗೆ ಹೆಸರು. ಸ್ತ್ರೀಶಕ್ತಿ ಹುಡುಕಿಕೊಂಡು ತುಲುಮ್‌ಗೆ ಹೋಗೋರಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಅವಳ ಹೆಸರು ಯಾವ ಜಾಹೀರಾತಿನಲ್ಲೂ ನನಗೆ ಕಾಣಲಿಲ್ಲ. ಯಾಕಂದ್ರೆ ಅವಳು ಸಾವಿರ ವರ್ಷ ಹಿಂದಿನವಳಲ್ಲ, ನೆಲಕ್ಕಾಗಿ ಬಡಿದಾಡಿದ ಜನರ ನಾಯಕಿ. ಅವಳ ಕತೆ ಶುರು ಮಾಡಿದ್ರೆ ಈಗಿನ ನೆಲ ಯಾರದ್ದು ಅನ್ನೋ ಪ್ರಶ್ನೆಯೂ ಬರುತ್ತೆ.

ಮಾಯಾ ಅಂದ್ರೆ ಮಾಯವಾಗಿ ಹೋದವರು ಅಂತ ನಮ್ಮಲ್ಲಿ ಅನೇಕರು ನಂಬಿದ್ದಾರೆ (ಪದವೂ ಹಾಗೇ ಇದೆ, ಏನು ಮಾಡೋದು). ಅವರೆಲ್ಲೂ ಹೋಗಿಲ್ಲ. ಸುಮಾರು ಮೂವತ್ತು ಮಾಯಾ ಭಾಷೆಗಳು, ಐವತ್ತು ಲಕ್ಷಕ್ಕೂ ಮೀರಿದ ಜನ. ಚಿಚೆನ್ ಇಟ್ಜಾದ ದಾರಿಯಲ್ಲಿ ಬಟ್ಟೆ ಹರಡಿಕೊಂಡು ಕೂತಿರೋ ಅಜ್ಜಿ ಮಾತಾಡೋದು ಆ ಶಾಸನಗಳ ಭಾಷೆಯ ನಂಟಿನದೇ. ಕನ್ನಡ ಉಳೀಬೇಕು ಅಂತ ಇಲ್ಲಿ ಕೀಲಿಮಣೆ ಕುಟ್ಟೋ ನಮಗೆ ಆ ಅಜ್ಜಿ ಕಲ್ಲಿಗಿಂತ ದೊಡ್ಡವಳಾಗಿ ಕಾಣಬೇಕು.

ಅವಳ ಜನಕ್ಕೆ ಏನಾಯ್ತು ಅಂತಲೂ ಸ್ವಲ್ಪ ಕೇಳಿ. ಗ್ವಾಟೆಮಾಲಾದ ಅಂತರ್ಯುದ್ಧ 1960ರಿಂದ 1996ರ ತನಕ ನಡೀತು. ಸತ್ತವರು, ಕಾಣೆಯಾದವರು ಸುಮಾರು ಎರಡು ಲಕ್ಷ. 1999ರ ಸತ್ಯಶೋಧನಾ ಆಯೋಗದ ವರದಿಯಲ್ಲಿ ಗುರುತು ಸಿಕ್ಕವರ ಪೈಕಿ ನೂರಕ್ಕೆ 83 ಜನ ಮಾಯಾಗಳು. ಸೆಪುರ್ ಸಾರ್ಕೋ ಎಂಬಲ್ಲಿ ಜಮೀನಿನ ಹಕ್ಕು ಕೇಳಿದ ಗಂಡಸರನ್ನು ಇಲ್ಲವಾಗಿಸಿ, ಅವರ ಹೆಂಡಿರನ್ನು ಸೈನ್ಯದ ಠಾಣೆಯಲ್ಲಿ ಅಡಿಗೆ ಮಾಡೋಕೆ, ಬಟ್ಟೆ ಒಗೆಯೋಕೆ ಇಟ್ಟುಕೊಂಡು ಅತ್ಯಾಚಾರ ಮಾಡಿದರು. ಮೂವತ್ತು ವರ್ಷ ಕಳೆದ ಮೇಲೆ ಆ ಕೆಕ್ಚಿ ಹೆಂಗಸರು, ಅಷ್ಟರಲ್ಲಿ ಅಜ್ಜಿಯರಾದವರು, ಮುಖಕ್ಕೆ ವಸ್ತ್ರ ಮುಚ್ಚಿಕೊಂಡು ಕೋರ್ಟಿನಲ್ಲಿ ಕೂತರು. 2016ರ ಫೆಬ್ರವರಿಯಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು. ಉಳಿದಿದ್ದ ಹನ್ನೊಂದು ಅಜ್ಜಿಯರು. ಪಂಜ ಇರೋ ಮುದುಕಿ ದೇವಿ ಎಲ್ಲಿದ್ದಾಳೆ ಅಂತ ಯಾರಾದ್ರೂ ಕೇಳಿದ್ರೆ ನಾನು ಈ ಕೋರ್ಟನ್ನು ತೋರಿಸ್ತೀನಿ.

2020ರ ಜೂನ್‌ನಲ್ಲಿ ಡೊಮಿಂಗೊ ಚೋಕ್ ಎಂಬ ಕೆಕ್ಚಿ ನಾಟಿ ವೈದ್ಯ, ಮಾಯಾ ಪೂಜೆ ನಡೆಸುವವನು, ಮಾಟ ಮಾಡಿದ ಅನ್ನೋ ಆರೋಪಕ್ಕೆ ಜನರ ಕೈಯಲ್ಲಿ ಜೀವಂತ ಬೆಂದುಹೋದ. ಅದು ನಡೆದಿದ್ದು ತಿಕಾಲ್ ಇರೋ ಅದೇ ಪೆಟೆನ್ ಪ್ರಾಂತದಲ್ಲಿ. ಹೊರಗಿನವರು ಮಾಡಿದರೆ ದುಡ್ಡು ತರೋ ಪೂಜೆ, ಒಳಗಿನವನು ಮಾಡಿದರೆ ಮಾಟ!

ಮೆಕ್ಸಿಕೋದ ಚಿಯಾಪಸ್‌ನಲ್ಲಿ ಚಿಂಕುಲ್ತಿಕ್ ಅನ್ನೋ ಹಳೆಯ ಮಾಯಾ ತಾಣವಿದೆ. ಪಕ್ಕದ ಹಳ್ಳಿಯವರು ಅದರ ಬಾಗಿಲು ತಮ್ಮ ಕೈಗೆ ತೆಗೆದುಕೊಂಡು ಟಿಕೆಟ್ ದುಡ್ಡು ಊರಿಗೇ ಸಿಗಲಿ ಅಂದರು. 2008ರ ಅಕ್ಟೋಬರ್ 3ರಂದು ಪೋಲೀಸರು ನುಗ್ಗಿದರು, ಆರು ಜನ ಹಳ್ಳಿಯವರು ಸತ್ತರು. ಚಿಚೆನ್ ಇಟ್ಜಾದ ಜಮೀನೋ, 2010ರಲ್ಲಿ ಯುಕತಾನ್ ಸರ್ಕಾರ 22 ಕೋಟಿ ಪೆಸೋ ಕೊಟ್ಟು ಕೊಳ್ಳೋ ತನಕ ಒಂದು ಖಾಸಗಿ ಕುಟುಂಬದ ಹೆಸರಲ್ಲಿತ್ತು. ಲೋಕದ ಪವಿತ್ರ ಕ್ಷೇತ್ರ ಅಂತ ನಾವು ಕೈಮುಗಿಯೋ ಜಾಗದ ಪಹಣಿ ಕತೆ ಇದು.

ಈಗ ಎದುರಿನ ಮಾತೂ ಕೇಳಬೇಕಲ್ಲ. ಪ್ರವಾಸಿಗರು ಬರದಿದ್ದರೆ ಆ ಅಜ್ಜಿಯ ಬಟ್ಟೆ ಯಾರು ಕೊಳ್ತಾರೆ? ನಿಜ. ಅಲ್ಲಿನ ಎಷ್ಟೋ ಮನೆಯ ಒಲೆ ಪ್ರವಾಸೋದ್ಯಮದಿಂದಲೇ ಉರಿಯೋದು. ನಂಬಿಕೆ ಅನ್ನೋದು ಯಾರಪ್ಪನ ಆಸ್ತಿಯೂ ಅಲ್ಲ, ಅದು ಬದಲಾಗ್ತಾ ಹೋಗುತ್ತೆ. ಶಿಲುಬೆಗೆ ಅಂಗಿ ತೊಡಿಸಿದ ಮಾಯಾ ಜನರೇ ಅದಕ್ಕೆ ಸಾಕ್ಷಿ. ಪೋಲೆಯಿಂದ ಕೊಜುಮೆಲ್‌ಗೆ ದೋಣಿ ಹುಟ್ಟು ಹಾಕಿಕೊಂಡು ದಾಟೋ ಹಳೆಯ ಯಾತ್ರೆಯನ್ನು 2007ರಿಂದ ಮತ್ತೆ ನಡೆಸ್ತಿದ್ದಾರೆ. ನಡೆಸೋದು ಅಲ್ಲಿನ ಥೀಮ್ ಪಾರ್ಕ್, ವ್ಯಾಪಾರ ಇದ್ದೇ ಇದೆ. ಆದರೂ ಆ ಊರಿನ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ತೋಳು ಸೋಲೋ ತನಕ ಹುಟ್ಟು ಹಾಕ್ತಾರೆ. ಅದನ್ನು ಬರೀ ನಾಟಕ ಅನ್ನೋಕೆ ನನಗೆ ಬಾಯಿ ಬರಲ್ಲ. ದೂರದಿಂದ ಹೋದವಳೊಬ್ಬಳು, ಮಗು ಕಳಕೊಂಡವಳೋ ಖಾಯಿಲೆಯಿಂದ ಎದ್ದವಳೋ, ಆ ಸಮುದ್ರದ ಮುಂದೆ ಕೂತು ಅತ್ತು ಹಗುರಾದರೆ ಅದನ್ನು ಹಂಗಿಸೋಕೆ ನಾನ್ಯಾರು? ಅವಳ ಕಣ್ಣೀರು ಸುಳ್ಳಲ್ಲ. ಅವಳಿಗೆ ಮಾರಿದ ಕತೆ ಮಾತ್ರ ಅರೆಬೆಂದದ್ದು.

ಹಾಗಾದ್ರೆ ಏನು ಮಾಡಬೇಕು? ದೊಡ್ಡ ಉಪದೇಶವೇನಿಲ್ಲ. ಹೋಗೋ ಮುಂಚೆ ಮೂರು ಪ್ರಶ್ನೆ ಕೇಳಿ. ಪೂಜೆ ಮಾಡಿಸೋರು ಯಾರು, ಅವರ ಊರಿನವರು ಅವರನ್ನು ಪೂಜಾರಿ ಅಂತ ಒಪ್ಪುತ್ತಾರಾ? ಗ್ವಾಟೆಮಾಲಾದಲ್ಲಿ 260 ದಿನದ ಪಂಚಾಂಗ ನೋಡಿ ದಿನ ಹೇಳೋ 'ಅಹ್‌ಕಿಹ್' ಅನ್ನೋರು ಇದ್ದಾರೆ, ಹೆಂಗಸರೂ ಇದ್ದಾರೆ. ಅದು ವರ್ಷಗಟ್ಟಲೆ ಕಲಿತು ದೀಕ್ಷೆ ಪಡೆಯೋ ವಿದ್ಯೆ, ವಾರದ ಕೋರ್ಸಲ್ಲ. ಎರಡನೇದು, ಕೊಟ್ಟ ದುಡ್ಡಲ್ಲಿ ಎಷ್ಟು ಆ ಹಳ್ಳಿಯಲ್ಲಿ ಉಳಿಯುತ್ತೆ? ಮೂರನೇದು, ಹತ್ತು ದಿನದಲ್ಲಿ ಬದುಕಿರೋ ಒಬ್ಬಳಾದ್ರೂ ಮಾಯಾ ಹೆಂಗಸಿನ ಮಾತನ್ನು, ಅವಳು ಹೇಳಬೇಕು ಅಂತಿರೋದನ್ನು, ಕೂತು ಕೇಳೋಕೆ ಸಮಯ ಇಟ್ಟಿದ್ದಾರಾ? ಮೂರಕ್ಕೂ ಉತ್ತರ ಸಿಗದಿದ್ದರೆ ಅದು ತೀರ್ಥಯಾತ್ರೆ ಅಲ್ಲ, ರಜೆ. ರಜೆ ಅಂತಲೇ ಹೋಗಿ, ಖುಷಿಯಾಗಿರಿ, ದೇವಿಯನ್ನು ಎಳೆದು ತರಬೇಡಿ.

ಬಟ್ಟೆ ಕೊಳ್ಳೋದಾದರೆ ನೇಯ್ದವಳ ಕೈಯಿಂದಲೇ ಕೊಳ್ಳಿ. ಸೊಂಟಕ್ಕೆ ಕಟ್ಟಿಕೊಂಡು ನೇಯೋ ಮಗ್ಗ ಅಲ್ಲಿನ ಹೆಂಗಸರ ವಿದ್ಯೆ. ಹಳೆಯ ಮಾಯಾ ಪುಸ್ತಕದಲ್ಲಿ ಆ ಮುದುಕಿ ದೇವಿಯೂ ನೇಯುತ್ತಾಳೆ. ತಮ್ಮ ನೇಯ್ಗೆಯ ವಿನ್ಯಾಸಗಳನ್ನು ಕಂಪನಿಗಳು ಕದ್ದು ಮಾರ್ತಿವೆ ಅಂತ ಗ್ವಾಟೆಮಾಲಾದ ನೇಕಾರ ಹೆಂಗಸರು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದ ತನಕ ಹೋಗಿದ್ದಾರೆ. ಚೌಕಾಸಿ ಮಾಡೋ ಮುಂಚೆ ಇದು ನೆನಪಿರಲಿ.

ನಮ್ಮ ಚಕ್ರ ಕುಂಡಲಿನಿಗಳ ಬಗ್ಗೆಯೂ ಒಂದು ಮಾತು. ಅವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಿ ಮಾಯಾ ಗುಡಿಗೆ ಅಂಟಿಸಿದಾಗ ನಮ್ಮಲ್ಲಿ ಕೆಲವರಿಗೆ ಹೆಮ್ಮೆಯಾಗುತ್ತೆ, ನೋಡಿ ನಮ್ಮ ಸಂಸ್ಕೃತಿ ಎಲ್ಲೆಲ್ಲಿ ಇದೆ ಅಂತ. ನನಗಂತೂ ಮುಜುಗರ ಆಗುತ್ತೆ. ಕೊರ್ತೆಸ್ ಮೂರ್ತಿ ಒಡೆದು ತನ್ನ ದೇವಿಯನ್ನು ಕೂರಿಸಿದ. ಇವರು ಒಡೆಯದೆ ಬಣ್ಣ ಬಳಿದು ಕೂರಿಸ್ತಾ ಇದ್ದಾರೆ. ಆ ಬಣ್ಣದ ಡಬ್ಬಿ ಮೇಲೆ ನಮ್ಮ ಹೆಸರಿರೋದು ಬೇಡ. ಆ ಮುದುಕಿಗೆ ಅವಳದೇ ಹೆಸರಿದೆ, ಅವಳದೇ ಭಾಷೆಯಿದೆ, ಅವಳದೇ ಮೊಮ್ಮಕ್ಕಳಿದ್ದಾರೆ. ಅವಳ ಸುಕ್ಕು, ಅವಳ ಪಂಜ ಅವಳಿಗೇ ಇರಲಿ.

ನಿಮ್ಮಲ್ಲಿ ಯಾರಾದ್ರೂ ಕೊಜುಮೆಲ್, ತುಲುಮ್, ತಿಕಾಲ್ ಕಡೆ ಹೋಗಿ ಬಂದಿದ್ದರೆ, ಗೈಡು ನಿಮಗೆ ಯಾವ ದೇವಿಯ ಕತೆ ಹೇಳಿದ, ಹುಡುಗಿಯದೋ ಮುದುಕಿಯದೋ, ತಿಳಿಸಿ. ಕೇಳೋ ಕುತೂಹಲ ಇದೆ.